ಆ ಠರಾವನ್ನು ವಾಪಸ್ ಪಡೆಯಿರಿ: ನಮ್ಮ ವಕೀಲರ ಸಂಘಕ್ಕೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಸಂಘದ ಹಿರಿಯರೇ, ಗೆಳೆಯರೇ,

ಕಳೆದ ವಾರದ ತುರ್ತು ಸಭೆಯಲ್ಲಿ ನಮ್ಮ ಸಂಘ ಒಂದು ಠರಾವು ಪಾಸು ಮಾಡಿತು. ಆ ಮಗುವಿನ ಕೊಲೆ ಕೇಸಿನ ಆರೋಪಿ ಪರ ನಮ್ಮಲ್ಲಿ ಯಾರೂ ವಕಾಲತ್ತು ಹಾಕಬಾರದು ಅಂತ. ಕೈ ಎತ್ತಿದವರೇ ಜಾಸ್ತಿ. ಎತ್ತದೆ ಕೂತ ಕೆಲವೇ ಜನರಲ್ಲಿ ನಾನೂ ಒಬ್ಬಳು. ಅವತ್ತು ಮಾತಾಡಲು ಅವಕಾಶ ಸಿಗಲಿಲ್ಲ. ಸಿಕ್ಕಿದ್ದರೂ ಆ ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ ಬಿಡಿ. ಠರಾವಿನ ಪ್ರತಿ ಈಗ ಊರಿನ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಓಡಾಡುತ್ತಿದೆ. ಹಾಗಾಗಿ ನನ್ನ ಮಾತೂ ಬಹಿರಂಗವಾಗಿಯೇ ಇರಲಿ ಅಂತ ಈ ಪತ್ರ.

ಆ ಆರೋಪಿ ಯಾರು ಅಂತ ನನಗೆ ಗೊತ್ತಿಲ್ಲ. ಅವನ ಕಡೆಯವರು ಯಾರೂ ನನ್ನ ಚೇಂಬರಿಗೆ ಬಂದಿಲ್ಲ. ಅವನು ಕೊಲೆ ಮಾಡಿದ್ದಾನಾ ಇಲ್ಲವಾ, ಅದೂ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಚಾರ್ಜ್‌ಶೀಟ್ ಇನ್ನೂ ಬಂದಿಲ್ಲ. ಸದ್ಯಕ್ಕೆ ಇರುವುದು ಎಫ್‌ಐಆರ್, ಅವನನ್ನು ಬಂಧನದಲ್ಲಿಡಲು ಪೊಲೀಸರು ಹಾಕಿದ ರಿಮ್ಯಾಂಡ್ ಅರ್ಜಿ, ಆಮೇಲೆ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಟಿವಿ ಸುದ್ದಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಅಂತ ನಾವೆಲ್ಲ ಲಾ ಕಾಲೇಜಿನಲ್ಲೇ ಓದಿದ್ದೇವೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಬ್ರಿಟಿಷರೇ ಅದನ್ನು ಬರೆದಿಟ್ಟರು. ತಮ್ಮದೇ ಪೊಲೀಸರ ಮೇಲೆ ಅವರಿಗೆ ಅಷ್ಟು ನಂಬಿಕೆ! 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಅದು ಹಾಗೇ ಉಳಿದಿದೆ. ಆದರೂ ನಮ್ಮ ಸಭೆಯಲ್ಲಿ ಮೂರು ಜನ ಹಿರಿಯರು ‘ಅವನೇ ಒಪ್ಪಿಕೊಂಡಿದ್ದಾನಲ್ಲ’ ಅಂದರು. ಇದೇ ಮಾತನ್ನು ಕೋರ್ಟ್ ಹಾಲಿನಲ್ಲಿ ಪಿ.ಪಿ., ಅಂದರೆ ಸರ್ಕಾರಿ ಅಭಿಯೋಜಕರು, ಹೇಳಿದ್ದರೆ ಇದೇ ಹಿರಿಯರು ಎದ್ದು ನಿಂತು ಆಕ್ಷೇಪ ಹೇಳುತ್ತಿದ್ದರು.

2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದಲ್ಲಿ ನಡೆದದ್ದು ನೆನಪಿದೆಯಾ? ಒಂದು ಖಾಸಗಿ ಶಾಲೆಯ ಶೌಚಾಲಯದಲ್ಲಿ ಏಳು ವರ್ಷದ ಹುಡುಗನ ಕತ್ತು ಕೊಯ್ದು ಕೊಂದಿದ್ದರು. ಅವತ್ತೇ ಪೊಲೀಸರು ಶಾಲೆ ಬಸ್ಸಿನ ಕಂಡಕ್ಟರನ್ನು ಹಿಡಿದರು. ಅವನು ಟಿವಿ ಕ್ಯಾಮೆರಾ ಮುಂದೆಯೇ ‘ನಾನೇ ಮಾಡಿದೆ’ ಅಂದ. ಇಡೀ ದೇಶ ನೋಡಿತು. ಅವನ ಪರ ನಿಲ್ಲುವುದಿಲ್ಲ ಅಂತ ಅಲ್ಲಿನ ವಕೀಲರೂ ಘೋಷಿಸಿದರು, ಥೇಟ್ ನಮ್ಮ ಹಾಗೆ. ಆಮೇಲೆ ತನಿಖೆ ಸಿಬಿಐಗೆ ಹೋಯಿತು. ಸಿಬಿಐ ಹಿಡಿದದ್ದು ಅದೇ ಶಾಲೆಯ ಹನ್ನೊಂದನೇ ಕ್ಲಾಸಿನ ಒಬ್ಬ ಹುಡುಗನನ್ನು. ಕಂಡಕ್ಟರ್ ವಿರುದ್ಧ ಏನೂ ಸಿಗಲಿಲ್ಲ. 2018ರ ಫೆಬ್ರವರಿಯಲ್ಲಿ ಕೋರ್ಟು ಅವನನ್ನು ಕೇಸಿನಿಂದ ಬಿಡುಗಡೆ ಮಾಡಿತು. ಹೊಡೆತ ತಾಳಲಾಗದೆ ಒಪ್ಪಿಕೊಂಡೆ ಅಂತ ಅವನು ಆಮೇಲೆ ಹೇಳಿದ. ಸಿಬಿಐ ಬರದೇ ಇದ್ದಿದ್ದರೆ? ಊರಿನ ವಕೀಲರೆಲ್ಲ ಬೆನ್ನು ತಿರುಗಿಸಿದ್ದ ಆ ಮನುಷ್ಯ ಎಲ್ಲಿರುತ್ತಿದ್ದ?

ಗುರುಗ್ರಾಮ ದೂರ ಆಯಿತು ಅನ್ನುವವರಿಗೆ ನಮ್ಮ ಕುಶಾಲನಗರ ಇದೆ. 2020ರಲ್ಲಿ ಅಲ್ಲಿಯ ಹತ್ತಿರದ ಒಂದು ಹಾಡಿಯ ಹೆಂಗಸು ಕಾಣೆಯಾದಳು. ಕಾಣೆಯಾಗಿದ್ದಾಳೆ ಅಂತ ದೂರು ಕೊಟ್ಟವನೇ ಗಂಡ. ಮುಂದಿನ ವರ್ಷ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಹತ್ತಿರ ಒಂದು ಅಸ್ಥಿಪಂಜರ ಸಿಕ್ಕಿತು. ಇದು ಅವಳದೇ, ಕೊಂದವನು ಗಂಡನೇ ಅಂತ ಪೊಲೀಸರು ತೀರ್ಮಾನಿಸಿ ಅವನನ್ನು ಜೈಲಿಗೆ ಕಳಿಸಿದರು. ಡಿಎನ್‌ಎ ಪರೀಕ್ಷೆ ಆಯಿತು. ಆ ಮೂಳೆಗೂ ಹೆಂಡತಿಯ ತಾಯಿಯ ರಕ್ತಕ್ಕೂ ಹೊಂದಲಿಲ್ಲ. ಕೇಸು ಅಲ್ಲಿಗೆ ನಿಲ್ಲಬೇಕಿತ್ತು, ಅಲ್ವಾ? ನಿಲ್ಲಲಿಲ್ಲ. ಒಂದು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದು, ಜಾಮೀನಿನ ಮೇಲೆ ಹೊರಬಂದು, ಅವನು ವಿಚಾರಣೆ ಎದುರಿಸುತ್ತಲೇ ಇದ್ದ. 2025ರ ಏಪ್ರಿಲ್‌ನಲ್ಲಿ ಮಡಿಕೇರಿಯ ಒಂದು ಹೋಟೆಲಿನಲ್ಲಿ ಆ ಹೆಂಗಸು ಪರಿಚಯದವರ ಕಣ್ಣಿಗೆ ಬಿದ್ದಳು. ಜೀವಂತವಾಗಿ! ಮೈಸೂರಿನ ಕೋರ್ಟಿಗೆ ಅವಳನ್ನು ಕರೆತಂದು ನಿಲ್ಲಿಸಿದರು. ಕೊಲೆಯಾದವಳೇ ಬಂದು ನಿಂತ ಮೇಲೆ ಕೋರ್ಟು ಗಂಡನನ್ನು ಖುಲಾಸೆ ಮಾಡಿ ಪರಿಹಾರ ಕೊಡಲು ಹೇಳಿತು.

ಆ ಕೇಸಿನಲ್ಲಿ ಅವನ ಪರ ಒಬ್ಬ ವಕೀಲರು ಕೊನೆತನಕ ನಿಂತಿದ್ದರು. ಅವನು ಬುಡಕಟ್ಟಿನ ಕೂಲಿ ಕೆಲಸದವನು. ದೊಡ್ಡ ಫೀಸು ಬರುವ ಕೇಸಲ್ಲ. ಅವನ ಹೆಂಡತಿ ಸಿಗುವ ಮುಂಚೆ ಊರವರ ಲೆಕ್ಕದಲ್ಲಿ ಆ ವಕೀಲರೂ ‘ಹೆಂಡತಿ ಕೊಂದವನ ಲಾಯರ್’ ಆಗಿರಬೇಕು. ನಮ್ಮಂಥವರಿಗೆ ಇದು ಹೊಸದೇನಲ್ಲ.

ಇನ್ನೂ ಹಿಂದೆ ಹೋದರೆ ವೀರಪ್ಪನ್ ಕಾಲದಲ್ಲಿ ಟಾಡಾ ಅನ್ನುವ ಭಯೋತ್ಪಾದನೆ ತಡೆ ಕಾಯ್ದೆಯಡಿ ಒಳಗೆ ಹಾಕಿದ ಕೈದಿಗಳು. ಕಾಡಂಚಿನ ಊರುಗಳಿಂದ ಎಳೆದು ತಂದ ಆ ಜನ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತರು. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ಇವರ ಬಿಡುಗಡೆಯೂ ವೀರಪ್ಪನ್‌ನ ಬೇಡಿಕೆಗಳಲ್ಲಿ ಒಂದಾಗಿತ್ತು. ಹುತಾತ್ಮ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದರು. ಸರಿಯಾಗಿಯೇ ತಡೆದರು. ಬಿಡುವುದಾದರೆ ಕೋರ್ಟು ಬಿಡಬೇಕು, ಕಾಡಿನಲ್ಲಿ ಕೂತವನು ಬಿಡಿಸಬಾರದು. ಮರುವರ್ಷ ಮೈಸೂರಿನ ವಿಶೇಷ ಕೋರ್ಟು ಸಾಕ್ಷ್ಯ ನೋಡಿ 100ಕ್ಕೂ ಹೆಚ್ಚು ಜನರನ್ನು ಖುಲಾಸೆ ಮಾಡಿತು. ಆ ವಿಚಾರಣೆಯಲ್ಲಿ ಅವರ ಪರ ವಕೀಲರು ಇಲ್ಲದಿದ್ದರೆ ಒಬ್ಬೊಬ್ಬರ ವಿರುದ್ಧ ಏನಿದೆ, ಏನಿಲ್ಲ ಅಂತ ಬಿಡಿಸಿ ತೋರಿಸುವವರು ಯಾರು?

ಈ ಬಿಡಿಸಿ ತೋರಿಸುವ ಕೆಲಸ ಹೇಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸಿನಿಮಾದಲ್ಲಿ ಮೇಜು ಗುದ್ದಿ ಡೈಲಾಗ್ ಹೊಡೆಯುತ್ತಾರೆ. ನಮ್ಮ ಕೋರ್ಟಿನಲ್ಲಿ ಅದೆಲ್ಲ ಇಲ್ಲ. ಕೆಲವು ವರ್ಷದ ಹಿಂದಿನ ಒಂದು ಕೇಸು ಹೇಳುತ್ತೇನೆ, ಊರು ಹೆಸರು ಬೇಡ. ಇಬ್ಬರು ಆರೋಪಿಗಳು. ನಾನು ಎ-2, ಅಂದರೆ ಎರಡನೇ ಆರೋಪಿ ಪರ. ಅವನ ಮೇಲಿದ್ದ ದೊಡ್ಡ ಸಾಕ್ಷ್ಯ ಅಂದರೆ ಒಂದು ಮಚ್ಚು. ‘ನನ್ನನ್ನು ಕರೆದುಕೊಂಡು ಹೋದರೆ ಮಚ್ಚು ಬಿಸಾಡಿದ ಜಾಗ ತೋರಿಸುತ್ತೇನೆ’ ಅಂತ ಅವನು ಹೇಳಿದನಂತೆ. ಈ ವಾಕ್ಯ ಯಾವ ಸ್ಟೇಷನ್ನಿನ ಯಾವ ಫೈಲಿನಲ್ಲಿ ಇರುವುದಿಲ್ಲ ಹೇಳಿ. ಗುಡ್ಡದ ಬದಿಯ ಗೋಮಾಳದಲ್ಲಿ, ಮಧ್ಯಾಹ್ನ ಮೂರರಿಂದ ನಾಲ್ಕೂವರೆ ತನಕ ಮಹಜರು (ಸಾಕ್ಷಿಗಳ ಮುಂದೆ ಸ್ಥಳದಲ್ಲಿ ಬರೆಯುವ ದಾಖಲೆ) ನಡೆಯಿತು ಅಂತ ಕಾಗದ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ, ಒಂದೇ ಒಂದು ತಿದ್ದುಪಡಿ ಇಲ್ಲದ ಕಾಗದ.

ಪಾಟೀ ಸವಾಲಿನಲ್ಲಿ ತನಿಖಾಧಿಕಾರಿಯನ್ನು ಕೇಳಿದೆ.

‘ಮಹಜರು ಎಲ್ಲಿ ಬರೆದದ್ದು?’

‘ಸ್ಥಳದಲ್ಲೇ.’

‘ಟೈಪ್ ಮಾಡಿದ್ದು?’

‘ಲ್ಯಾಪ್‌ಟಾಪಿನಲ್ಲಿ.’

‘ಪ್ರಿಂಟ್ ತೆಗೆದದ್ದು?’

‘ಪ್ರಿಂಟರ್ ಜೀಪಿನಲ್ಲಿತ್ತು.’

‘ಗೋಮಾಳದಲ್ಲಿ ಕರೆಂಟು ಎಲ್ಲಿಂದ ಬಂತು?’

ಅವರು ಜಡ್ಜ್ ಕಡೆ ನೋಡಿದರು. ಪಿ.ಪಿ. ಫೈಲಿನ ಕಡೆ ನೋಡಿದರು. ‘ನೆನಪಿಲ್ಲ’ ಅಂತ ಉತ್ತರ ದಾಖಲಾಯಿತು. ಅದಕ್ಕೂ ಮುಂಚೆ ಪಂಚನ, ಅಂದರೆ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವನ, ಸಾಕ್ಷಿ ಆಗಿತ್ತು. ಸ್ಟೇಷನ್ ಎದುರು ಟೀ ಅಂಗಡಿ ಇಟ್ಟುಕೊಂಡ ಮನುಷ್ಯ. ‘ಅಂಗಡಿಗೇ ತಂದು ಸಹಿ ಹಾಕಿಸಿಕೊಂಡ್ರು ಮೇಡಂ, ನಾನು ಗೋಮಾಳ ನೋಡೇ ಇಲ್ಲ’ ಅಂದಿದ್ದ. ಇನ್ನೂ ಕೆಲವು ಕೇಸಿನಲ್ಲಿ ಅವನೇ ಪಂಚ ಆಗಿದ್ದ ಅನ್ನುವುದೂ ಅವನ ಬಾಯಿಂದಲೇ ಬಂತು. ಎ-2 ಖುಲಾಸೆ ಆದ. ಎ-1ಗೆ ಶಿಕ್ಷೆ ಆಯಿತು. ಅವನ ವಿರುದ್ಧ ಕಣ್ಣಾರೆ ಕಂಡ ಸಾಕ್ಷಿ ಇದ್ದರು, ಎಷ್ಟು ಕೇಳಿದರೂ ಅವರ ಮಾತು ಅಲ್ಲಾಡಲಿಲ್ಲ. ಕಾಳು ಜೊಳ್ಳು ಬೇರೆಯಾದದ್ದು ಹೀಗೆ. ಮೊರ ಇಲ್ಲದೆ ಗಾಳಿಗೆ ತೂರಲು ಆಗುತ್ತದಾ?

ಈಗಿನ ಕಾನೂನಿನಲ್ಲಿ ಶೋಧ, ಜಪ್ತಿಯ ವಿಡಿಯೊ ಮಾಡುವುದು ಕಡ್ಡಾಯ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತಲೂ ಇದೆ. ಒಳ್ಳೆಯದೇ. ಆದರೆ ‘ವಿಡಿಯೊ ಎಲ್ಲಿ, ತೋರಿಸಿ’ ಅಂತ ಕೇಳುವವರು ಒಬ್ಬರು ಬೇಕಲ್ಲ.

ನಮ್ಮತ್ತೆ ಮೊನ್ನೆ ಕೇಳಿದರು, ‘ಅಂಥವನ ಪರ ಹೋಗ್ತೀಯೇನೇ? ನಿನಗೂ ಮಗಳಿದ್ದಾಳೆ.’ ನಿಮ್ಮ ಮನೆಗಳಲ್ಲೂ ಇದೇ ಪ್ರಶ್ನೆ ಬಂದಿರುತ್ತದೆ. ನಾನು ಅವರಿಗೆ ಹೇಳಿದ್ದು ಇಷ್ಟು. ಅವನೇ ನನ್ನ ಹತ್ತಿರ ‘ಹೌದು, ನಾನೇ ಮಾಡಿದೆ’ ಅಂದರೆ, ಆ ದಿನ ಅವನು ಬೇರೆ ಊರಿನಲ್ಲಿದ್ದ ಅಂತ ಸುಳ್ಳು ಸಾಕ್ಷಿ ತರಲು ನನಗೆ ಹಕ್ಕಿಲ್ಲ. ಇನ್ಯಾರದೋ ತಲೆಗೆ ಕಟ್ಟಲೂ ಹಕ್ಕಿಲ್ಲ. ಆದರೆ ಪ್ರಾಸಿಕ್ಯೂಷನ್ ತಂದ ಸಾಕ್ಷ್ಯ ಕಾನೂನು ಕೇಳುವಷ್ಟು ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡುವುದು ಆಗಲೂ ನನ್ನ ಕೆಲಸವೇ. ಬಾರ್ ಕೌನ್ಸಿಲ್ ನಿಯಮದಲ್ಲೇ ಇದೆ: ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬ ತನ್ನ ಸ್ವಂತ ಅಭಿಪ್ರಾಯ ಏನೇ ಇರಲಿ, ವಕೀಲ ಅವನ ಪರ ವಾದಿಸಬೇಕು, ಸಾಕಷ್ಟು ಸಾಕ್ಷ್ಯ ಇಲ್ಲದೆ ಯಾರಿಗೂ ಶಿಕ್ಷೆ ಆಗಬಾರದು ಅನ್ನುವ ಕಾನೂನಿಗೇ ಅವನ ನಿಷ್ಠೆ. ಈ ನಿಯಮಕ್ಕೆ ಒಳಪಟ್ಟೇ ನಾವು ಕಪ್ಪು ಕೋಟು ಹಾಕಿಕೊಂಡಿದ್ದೇವೆ. ಅತ್ತೆ ಪೂರ್ತಿ ಒಪ್ಪಲಿಲ್ಲ. ‘ಮಗುವಿನ ತಾಯಿಗೆ ಹೋಗಿ ಇದನ್ನ ಹೇಳು’ ಅಂದರು.

ಅದು ಸುಲಭದ ಮಾತಲ್ಲ. ಆ ತಾಯಿ ಮುಂದೆ ನಿಂತು ಕಾನೂನು ಹೇಳುವಷ್ಟು ಕಲ್ಲು ಮನಸ್ಸು ನನಗಿಲ್ಲ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಅವರ ಸಿಟ್ಟನ್ನು ನಾವು ಠರಾವು ಮಾಡಿ ಪಾಸು ಮಾಡಿದರೆ ಅವರಿಗೆ ಉಪಕಾರ ಆಗುವುದಿಲ್ಲ. ನಿಜವಾಗಿ ನೆರವಾಗಬೇಕು ಅಂದರೆ ದಾರಿ ಇದೆ. ಸಂತ್ರಸ್ತರು ತಮ್ಮದೇ ವಕೀಲರನ್ನು ಇಟ್ಟುಕೊಂಡು ಪ್ರಾಸಿಕ್ಯೂಷನ್‌ಗೆ ಸಹಾಯ ಮಾಡಿಸಬಹುದು. ಆರೋಪಿ ಖುಲಾಸೆಯಾದರೆ ಅವರೇ ಮೇಲ್ಮನವಿ ಹಾಕಬಹುದು. ಅವತ್ತು ಕೈ ಎತ್ತಿದ ಅಷ್ಟು ಜನರಲ್ಲಿ ಒಬ್ಬರಾದರೂ ಆ ಮನೆಗೆ ಹೋಗಿ ‘ಫೀಸು ಬೇಡ, ನಿಮ್ಮ ಕಡೆಯಿಂದ ನಾನು ಕೂರುತ್ತೇನೆ’ ಅಂದಿದ್ದಾರಾ? ನನಗೆ ತಿಳಿದ ಮಟ್ಟಿಗೆ ಇಲ್ಲ.

ನಮ್ಮ ಕಡೆಯ ಹುಳುಕನ್ನೂ ಮುಚ್ಚಿಡುವುದು ಬೇಡ. ಜನ ಕ್ರಿಮಿನಲ್ ವಕೀಲರನ್ನು ಕಂಡರೆ ಮೂಗು ಮುರಿಯುವುದು ಸುಮ್ನೆ ಅಲ್ಲ. ಸಾಕ್ಷಿಗಳನ್ನು ಕಾರಿಡಾರಿನಲ್ಲೇ ‘ಸರಿ ಮಾಡುವವರು’ ಇದ್ದಾರೆ. ಬೇಕಂತಲೇ ಡೇಟು ತಗೊಂಡು ತಗೊಂಡು ಕೂಲಿ ಬಿಟ್ಟು ಬಂದ ಸಾಕ್ಷಿಯನ್ನು ಸಾಕು ಸಾಕು ಅನ್ನಿಸುವವರಿದ್ದಾರೆ. ಅತ್ಯಾಚಾರದ ಕೇಸಿನಲ್ಲಿ ಹೆಣ್ಣುಮಗಳ ನಡತೆ ಬಗ್ಗೆ ಕೇಳಬಾರದ್ದು ಕೇಳಿ ಅವಳನ್ನು ಅಳಿಸಿ, ಅದನ್ನೇ ‘ಒಳ್ಳೆ ಕ್ರಾಸ್’ ಅಂತ ಕ್ಯಾಂಟೀನಿನಲ್ಲಿ ಹೇಳಿಕೊಳ್ಳುವವರೂ ಇದ್ದಾರೆ. ಕಾನೂನು ಅದನ್ನು ತಡೆಯುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯಲ್ಲಂತೂ ಮಗುವಿಗೆ ನೇರವಾಗಿ ಪ್ರಶ್ನೆ ಕೇಳುವ ಹಾಗೇ ಇಲ್ಲ, ಜಡ್ಜ್ ಮೂಲಕ ಕೇಳಬೇಕು. ಸಂಘ ಠರಾವು ಮಾಡಲೇಬೇಕು ಅನ್ನುವುದಾದರೆ ಇಂಥವರ ಮೇಲೆ ಮಾಡಲಿ. ಮೊದಲ ಕೈ ನನ್ನದೇ.

ಇನ್ನು ಕಾನೂನಿನ ಮಾತು. ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನ್ನ ಆಯ್ಕೆಯ ವಕೀಲನ ಹಕ್ಕು ಕೊಟ್ಟಿದೆ. ಕೊಯಮತ್ತೂರಿನಲ್ಲಿ ಒಬ್ಬ ವಕೀಲರಿಗೂ ಪೊಲೀಸರಿಗೂ ಜಗಳವಾಗಿ, ಆ ಪೊಲೀಸರ ಪರ ಯಾರೂ ನಿಲ್ಲಬಾರದು ಅಂತ ಅಲ್ಲಿನ ಸಂಘ ಠರಾವು ಮಾಡಿತ್ತು. 2010ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ಠರಾವುಗಳೆಲ್ಲ ಅಸಿಂಧು, ಸರಿಯಾದ ವಕೀಲರು ಇವನ್ನು ಧಿಕ್ಕರಿಸಬೇಕು ಅಂತ ಹೇಳಿತು. ಅಲ್ಲಿ ವಕೀಲರಿಲ್ಲದೆ ನಿಲ್ಲಬೇಕಾಗಿದ್ದವರು ಪೊಲೀಸರು ಅನ್ನುವುದನ್ನು ಗಮನಿಸಿ. ಇವತ್ತು ಯಾರದೋ ಸರದಿ, ನಾಳೆ ಇನ್ಯಾರದೋ.

ಒಂಬತ್ತು ವರ್ಷದ ಮೇಲೆ, 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಸಂಘ ಅದೇ ತಪ್ಪು ಮಾಡಿತು. ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ಹೋಗಬಾರದು ಅಂತ. ಬೆಂಗಳೂರಿನಿಂದ ವಕೀಲರು ಬಂದು ಜಾಮೀನು ಅರ್ಜಿ ಹಾಕಬೇಕಾಯಿತು. ಅವರಿಗೆ ಪೊಲೀಸ್ ರಕ್ಷಣೆ ಕೊಡಿ ಅಂತ ಹೈಕೋರ್ಟು ಹೇಳಬೇಕಾಯಿತು. ಕೋರ್ಟಿಗೆ ಹೋಗುವ ವಕೀಲರಿಗೆ, ವಕೀಲರಿಂದಲೇ ಪೊಲೀಸ್ ರಕ್ಷಣೆ! ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಸಂಘವನ್ನು ತರಾಟೆಗೆ ತೆಗೆದುಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂತು. ಅದೇ ರಾಜ್ಯದ ಇನ್ನೊಂದು ಸಂಘ ನಾವು. ನಮಗೆ ಅದು ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ?

‘ಅವನಿಗೆ ಶಿಕ್ಷೆ ಆಗಬೇಕು, ಅದಕ್ಕೇ ಈ ಠರಾವು’ ಅನ್ನುವವರು ಇನ್ನೊಂದು ಕೇಸು ಕೇಳಿ. 1997ರ ದೆಹಲಿ ಬಸ್ ಸ್ಫೋಟ. ಆರೋಪಿಗೆ ಗಲ್ಲು ಶಿಕ್ಷೆ ಆಯಿತು, ಹೈಕೋರ್ಟೂ ಖಾಯಂ ಮಾಡಿತು. ಸುಪ್ರೀಂ ಕೋರ್ಟಿಗೆ ಬಂದಾಗ ನೋಡಿದರೆ 56 ಸಾಕ್ಷಿಗಳ ವಿಚಾರಣೆ ನಡೆದಾಗ ಅವನ ಪರ ವಕೀಲರೇ ಇರಲಿಲ್ಲ. 2012ರಲ್ಲಿ ಶಿಕ್ಷೆ ರದ್ದಾಯಿತು, ಮೊದಲಿನಿಂದ ವಿಚಾರಣೆ ಮಾಡಿ ಅಂತ ಆದೇಶವಾಯಿತು. ಸ್ಫೋಟ ಆಗಿ ಸುಮಾರು ಹದಿನೈದು ವರ್ಷಕ್ಕೆ! ಸತ್ತವರ ಮನೆಯವರಿಗೆ ಏನು ಸಿಕ್ಕಿತು? ವಕೀಲರಿಲ್ಲದೆ ಪಡೆದ ಶಿಕ್ಷೆ ಮೇಲಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಮುಂಬೈ ದಾಳಿಯ ಕಸಬ್‌ನ ಶಿಕ್ಷೆ 2012ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ನಿಂತಿತು. ವಿಚಾರಣಾ ಕೋರ್ಟು, ಹೈಕೋರ್ಟು, ಸುಪ್ರೀಂ ಕೋರ್ಟು, ಮೂರು ಕಡೆಯೂ ಅವನ ಪರ ವಕೀಲರು ನಿಂತು ವಾದ ಮಾಡಿದ್ದರು, ಬೈಸಿಕೊಂಡೇ ಮಾಡಿದ್ದರು. ಅದೇ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿದೆ. ಆರೋಪಿಯನ್ನು ಮೊದಲ ಸಲ ಹಾಜರುಪಡಿಸಿದಾಗಲೇ ಮ್ಯಾಜಿಸ್ಟ್ರೇಟರು ಅವನಿಗೆ ವಕೀಲರ ಹಕ್ಕಿನ ಬಗ್ಗೆ ತಿಳಿಸಬೇಕು, ಇಟ್ಟುಕೊಳ್ಳಲು ಶಕ್ತಿ ಇಲ್ಲದಿದ್ದರೆ ಸರ್ಕಾರದ ಖರ್ಚಿನಲ್ಲಿ ಕೊಡಬೇಕು.

‘ಸರ್ಕಾರದವರು ಕೊಡ್ತಾರಲ್ಲ, ನಮಗ್ಯಾಕೆ’ ಅಂತ ಸಭೆಯಲ್ಲಿ ಒಬ್ಬರು ಹೇಳಿದರು. ಹೌದು, ಕಾನೂನು ಸೇವಾ ಪ್ರಾಧಿಕಾರ ಇದೆ. ಕಸ್ಟಡಿಯಲ್ಲಿ ಇರುವವನಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು. ಆದರೆ ಆ ವಕೀಲರು ಆಕಾಶದಿಂದ ಇಳಿಯುತ್ತಾರಾ? ನಮ್ಮ ಸಂಘದ ಹುಡುಗರೇ, ಹುಡುಗಿಯರೇ ಅವರು. ನಮ್ಮ ಠರಾವು ನೋಡಿದ ಮೇಲೆ ಯಾವ ಧೈರ್ಯದಲ್ಲಿ ಹೋಗುತ್ತಾರೆ? ಒಬ್ಬ ಜೂನಿಯರ್ ಆಗಲೇ ನನ್ನ ಹತ್ತಿರ ಬಂದು, ‘ಮೇಡಂ, ನನ್ನ ಹೆಸರು ಬಂದ್ರೆ ಹುಷಾರಿಲ್ಲ ಅಂತ ಬರೆದುಕೊಡ್ತೀನಿ, ಬಾರ್ ಅಸೋಸಿಯೇಷನ್ನಲ್ಲಿ ಕೂರೋಕೆ ಬಿಡಲ್ಲ ಆಮೇಲೆ’ ಅಂದ. ಅವನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಶಿಕ್ಷೆ ಆಗದೆ ಒಳಗಿರುವವರು. ಠರಾವು ಇಲ್ಲದೆಯೇ ಅವರಲ್ಲಿ ಎಷ್ಟೋ ಜನರ ಹತ್ತಿರ ಸರಿಯಾದ ವಕೀಲರು ತಲುಪುವುದಿಲ್ಲ. ಅದರ ಮೇಲೆ ನಾವು ಬಾಗಿಲು ಬೇರೆ ಹಾಕಬೇಕಾ?

ಹಾಗಾಗಿ ಅಧ್ಯಕ್ಷರೇ, ಕೇಳುವುದು ಮೂರೇ. ಈ ವಾರವೇ ಸರ್ವ ಸದಸ್ಯರ ಸಭೆ ಕರೆದು ಠರಾವನ್ನು ವಾಪಸ್ ಪಡೆಯಿರಿ. ವಾಪಸ್ ಪಡೆದ ವಿಷಯವನ್ನು ಠರಾವಿನಷ್ಟೇ ಜೋರಾಗಿ ಊರಿಗೆ ತಿಳಿಸಿ. ಈ ಕೇಸಿನಲ್ಲಿ ಯಾರೇ ವಕಾಲತ್ತು ಹಾಕಲಿ, ಅವರಿಗೆ ಕೋರ್ಟ್ ಆವರಣದಲ್ಲಿ ತೊಂದರೆ ಆಗದ ಹಾಗೆ ನೋಡಿಕೊಳ್ಳುವುದು ಸಂಘದ ಹೊಣೆ ಅಂತ ಬರೆದುಕೊಡಿ. ಮಗುವಿನ ಮನೆಯವರ ಪರ ಪಿ.ಪಿ.ಗೆ ಸಹಾಯ ಮಾಡಲು ಒಬ್ಬ ಅನುಭವಿ ವಕೀಲರನ್ನು ಸಂಘವೇ ಒದಗಿಸಿದರೆ ಇನ್ನೂ ಒಳ್ಳೆಯದು; ಅದಕ್ಕೆ ನನ್ನ ಪಾಲಿನ ಹಣ ಕೊಡುತ್ತೇನೆ.

ಆರೋಪಿಯ ನ್ಯಾಯಾಂಗ ಬಂಧನದ ಅವಧಿ ಮುಂದಿನ ವಾರ ಮುಗಿಯುತ್ತದೆ. ಅವತ್ತು ಅವನನ್ನು ಮತ್ತೆ ಹಾಜರುಪಡಿಸುತ್ತಾರೆ. ಅಷ್ಟರೊಳಗೆ ಅವನ ಪರ ಯಾರೂ ಇಲ್ಲದಿದ್ದರೆ, ಪ್ರಾಧಿಕಾರ ನೇಮಿಸಿದರೆ ನಾನು ಹೋಗಿ ನಿಲ್ಲುತ್ತೇನೆ ಅಂತ ಇವತ್ತೇ ಲಿಖಿತವಾಗಿ ತಿಳಿಸಿದ್ದೇನೆ. ಅದಕ್ಕಾಗಿ ನನ್ನನ್ನು ಸಂಘದಿಂದ ತೆಗೆಯುವುದಾದರೆ ನೋಟಿಸ್ ಕೊಡಿ, ಉತ್ತರ ಕೊಡುತ್ತೇನೆ. ಈ ಪತ್ರದ ಪ್ರತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗಳಿಗೂ ರಾಜ್ಯ ವಕೀಲರ ಪರಿಷತ್ತಿಗೂ ಕಳಿಸಿದ್ದೇನೆ.

ಇಂತಿ,
ಸಂಘದ ಒಬ್ಬ ಸದಸ್ಯೆ